ಆಕಾಶದಾಗ ಒಂದಕ್ಕೆ ಬಂದ್ರ ಏನ್ ಮಾಡ್ತಾರ್ರೀ? ಯುದ್ಧವಿಮಾನದ ಸಿಬ್ಬಂದಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ, ಎನ್‌ಸಿಸಿ ಶಿಬಿರಗಳಲ್ಲಿ, ಐಟಿಐ ವರ್ಕ್‌ಶಾಪ್‌ಗಳಲ್ಲಿ ವಾಯುಪಡೆಯ ಮಾತು ಬಂದಾಗಲೆಲ್ಲ ಎದುರಾಗುವ, ಪತ್ರಗಳಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಉತ್ತರ ಪೂರ್ತಿ ಸಿಗುತ್ತದೆ.

## ಶುರುವಿಗೆ

ಈ ಪ್ರಶ್ನೆ ಕೇಳಿದ್ರ ಎಲ್ಲಾರೂ ನಗ್ತಾರ್ರೀ. ಕೇಳಬಹುದಾ?

ಧಾರಾಳವಾಗಿ ಕೇಳಿ. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಒಬ್ಬನೇ 33 ಗಂಟೆಗೂ ಮೇಲೆ ಹಾರಿಕೊಂಡು ಬಂದಾಗ, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ ಕೂಡ ಇದನ್ನೇ ಕೇಳಿದರಂತೆ. ನಗುವವರು ನಗಲಿ, ಪೈಲಟ್‌ನ ಮೈಯಲ್ಲಿ ನೀರು ಎಷ್ಟಿದೆ ಎಂಬುದು ವೈಮಾನಿಕ ವೈದ್ಯರ ಮಟ್ಟಿಗೆ ಸಾವು-ಬದುಕಿನ ಲೆಕ್ಕ. ಬೆಂಗಳೂರಿನಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇರುವುದೇ ಸೆಕೆ, ಚಳಿ, ಎತ್ತರ, ಜಿ-ಒತ್ತಡ (ವಿಮಾನ ಬಿರುಸಾಗಿ ತಿರುಗಿದಾಗ ಮೈಮೇಲೆ ಬೀಳುವ ಭಾರ) ಇವೆಲ್ಲ ದೇಹಕ್ಕೆ ಏನು ಮಾಡುತ್ತವೆ ಎಂದು ನೋಡುವುದಕ್ಕೆ.

ಫೈಟರ್ ವಿಮಾನದಾಗ ಪಾಯಖಾನಿ ಇರ್ತದೇನ್ರೀ?

ಇರುವುದಿಲ್ಲ. ಪೈಲಟ್ ಎಜೆಕ್ಷನ್ ಸೀಟಿಗೆ (ಅಪಾಯದಲ್ಲಿ ಅವನನ್ನು ವಿಮಾನದಿಂದ ಹೊರಗೆ ಚಿಮ್ಮಿಸುವ ಸೀಟು) ಭುಜ, ಸೊಂಟ, ತೊಡೆಗಳ ಪಟ್ಟಿಗಳಿಂದ ಬಿಗಿದುಕೊಂಡಿರುತ್ತಾನೆ. ಎದ್ದು ನಿಲ್ಲುವಷ್ಟು ಎತ್ತರವೂ ಕಾಕ್‌ಪಿಟ್‌ನಲ್ಲಿಲ್ಲ. ಪಕ್ಕಪಕ್ಕ ಇಬ್ಬರು ಕೂರುವ ರಷ್ಯಾದ ಸುಖೋಯ್-34 ಅಪರೂಪದ ಅಪವಾದ. ಅದರ ಸೀಟುಗಳ ಹಿಂದೆ ಸ್ವಲ್ಪ ಜಾಗ ಬಿಟ್ಟು, ಈ ಕೆಲಸಕ್ಕೂ ವ್ಯವಸ್ಥೆ ಇಟ್ಟಿದ್ದಾರೆ.

ಬಹಳಷ್ಟು ದಿನ ಇದರ ಅಗತ್ಯವೂ ಬೀಳುವುದಿಲ್ಲ. ನಮಗೆ ಹತ್ತಿರದ ಬೀದರ್ ವಾಯುನೆಲೆಯ ಹಾಕ್ ವಿಮಾನಗಳಲ್ಲಿ ನಡೆಯುವಂಥ ತರಬೇತಿ ಹಾರಾಟ ಸುಮಾರು ಒಂದು ಗಂಟೆಯದು. ಹೊರಡುವ ಮುನ್ನ ಒಂದಕ್ಕೆ ಹೋಗಿ ಬಂದರೆ ಸಾಕು. ಆಕಾಶದಲ್ಲೇ ಇಂಧನ ತುಂಬಿಸಿಕೊಂಡು ಗಂಟೆಗಟ್ಟಲೆ ಹಾರಬೇಕಾದಾಗ ತೊಂದರೆ ಶುರುವಾಗುತ್ತದೆ.

ಮನುಷ್ಯ ಎಷ್ಟು ಹೊತ್ತು ತಡಕೊಳ್ಳಬಹುದು?

ದೊಡ್ಡವರ ಮೂತ್ರಪಿಂಡಗಳು ಸಾಧಾರಣ ಸ್ಥಿತಿಯಲ್ಲಿ ಗಂಟೆಗೆ 60 ಮಿಲಿಲೀಟರ್ ಆಸುಪಾಸು ಮೂತ್ರ ತಯಾರಿಸುತ್ತವೆ. ಮೂತ್ರಕೋಶದಲ್ಲಿ 150ರಿಂದ 200 ಮಿ.ಲೀ. ಸೇರಿದಾಗ ಮೊದಲ ಸೂಚನೆ ಬರುತ್ತದೆ. 400-500ಕ್ಕೆ ಬೇರೇನೂ ಯೋಚಿಸಲಾಗದು. ಈ ಲೆಕ್ಕದಲ್ಲಿ ಆರೇಳು ಗಂಟೆ ಎಳೆಯಬಹುದು ಅನ್ನಿಸುತ್ತದೆ, ಆದರೆ ವಿಮಾನದಲ್ಲಿ ಲೆಕ್ಕ ತಪ್ಪುತ್ತದೆ. ಚಳಿಗೆ ಚರ್ಮದ ರಕ್ತನಾಳಗಳು ಮುದುಡಿ ರಕ್ತ ಒಳಭಾಗಕ್ಕೆ ಸೇರುತ್ತದೆ. ದೇಹ ಅದನ್ನು ನೀರು ಹೆಚ್ಚಾಯಿತು ಎಂದು ತಿಳಿದು ಮೂತ್ರ ಹೆಚ್ಚಿಸುತ್ತದೆ. ಕಾಲನ್ನೂ ಹೊಟ್ಟೆಯನ್ನೂ ಒತ್ತುವ ಜಿ-ಸೂಟ್ ಕೂಡ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಬ್ರೀಫಿಂಗ್‌ನಲ್ಲಿ ಕುಡಿದ ಎರಡು ಕಪ್ ಕಾಫಿ ಬೇರೆ. ವಿಮಾನ ಹತ್ತಿ, ಪಟ್ಟಿ ಬಿಗಿದು, ರನ್‌ವೇ ತಲುಪುವ ಹೊತ್ತಿಗೇ ಮುಕ್ಕಾಲು ಗಂಟೆ ಕಳೆದಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಹೆಲಿಕಾಪ್ಟರ್‌ನವರಿಗೆ ಚಿಂತಿಲ್ಲ ಬಿಡ್ರಿ, ಎಲ್ಲಿ ಬೇಕಾದ್ರೂ ಇಳೀತಾರ?

ಶಾಂತಿಕಾಲದಲ್ಲಿ ಬಹುಮಟ್ಟಿಗೆ ನಿಜ. ಸಮುದ್ರದ ಮೇಲೆ, ಶತ್ರು ನೆಲದ ಮೇಲೆ ಹಾರುವಾಗ ಇಳಿಯುವ ಮಾತಿಲ್ಲ. ಅಗಲ ಬಾಯಿಯ, ತಿರುಪು ಮುಚ್ಚಳದ ಬಾಟಲಿಯೇ ಗತಿ. ಇಬ್ಬರು ಪೈಲಟ್‌ಗಳಿರುವುದರಿಂದ ಒಬ್ಬರು ಕಂಟ್ರೋಲ್ ಹಿಡಿದುಕೊಳ್ಳುತ್ತಾರೆ.

ಮ್ಯಾಲಿಂದ ಬಿಟ್ಟಿದ್ದು ಕೆಳಗ ನಿಂತವರ ತಲೆ ಮ್ಯಾಲ ಬೀಳ್ತದಾ?

ಇಲ್ಲ. ಹಳೆಯ ವಿಮಾನಗಳು ಹೊರಗೆ ಬಿಡುತ್ತಿದ್ದವು ನಿಜ. ಆದರೆ ಗಂಟೆಗೆ 300 ಕಿ.ಮೀ. ವೇಗದ ಗಾಳಿಗೆ ಸಿಕ್ಕ ದ್ರವ ಆ ಕ್ಷಣಕ್ಕೇ ಸಣ್ಣ ತುಂತುರಾಗಿ ಒಡೆದು ಆವಿಯಾಗುತ್ತದೆ, ಇಲ್ಲವೇ ಹಿಮದ ಪುಡಿಯಾಗುತ್ತದೆ. ನಮ್ಮ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಬರುವಂಥ ಪ್ರಯಾಣಿಕ ವಿಮಾನಗಳು ಏನನ್ನೂ ಹೊರಗೆ ಬಿಡುವುದಿಲ್ಲ. ಅವುಗಳ ಶೌಚದ ಟ್ಯಾಂಕನ್ನು ನೆಲದ ಮೇಲೆ ಖಾಲಿ ಮಾಡುತ್ತಾರೆ.

## ಎರಡನೇ ಮಹಾಯುದ್ಧದ ವಿಮಾನಗಳು

ರಿಲೀಫ್ ಟ್ಯೂಬ್ ಅಂದ್ರ ಏನು? ಹೆಂಗ ಕೆಲಸ ಮಾಡ್ತಿತ್ತು?

ಸೀಟಿನ ಕೆಳಗೆ ಕೊಕ್ಕೆಗೆ ಸಿಕ್ಕಿಸಿದ ಒಂದು ಆಲಿಕೆ, ಅದಕ್ಕೆ ರಬ್ಬರ್ ಕೊಳವೆ, ಕೊಳವೆಯ ತುದಿ ವಿಮಾನದ ಹೊಟ್ಟೆಯಿಂದ ಹೊರಗೆ. ಹೊರಗಿನ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ಇಲ್ಲವೇ ಅದಕ್ಕೊಂದು ಸಣ್ಣ ವೆಂಚುರಿ (ನಡುವೆ ಕಿರಿದಾದ ಕೊಳವೆ) ಇರುತ್ತದೆ. ಅದರ ಸುತ್ತ ಗಾಳಿ ವೇಗವಾಗಿ ಹರಿದಾಗ ಬಾಯಿಯಲ್ಲಿ ಒತ್ತಡ ಕಡಿಮೆಯಾಗಿ, ಕೊಳವೆಯೊಳಗಿನದನ್ನು ಹೊರಗೆ ಎಳೆಯುತ್ತದೆ. ಪಂಪು ಬೇಡ, ವಿದ್ಯುತ್ ಬೇಡ. ಇಂದಿಗೂ ಗ್ಲೈಡರ್ ಪೈಲಟ್‌ಗಳು ಇದನ್ನೇ ಬಳಸುತ್ತಾರೆ.

ಕೆಡುತ್ತಿದ್ದದ್ದು ಮೂರು ಕಡೆ. ಮೊದಲನೆಯದು ಹಿಮ: ಎತ್ತರದಲ್ಲಿ ಕೊಳವೆಯೊಳಗೆ ಉಳಿದ ಹನಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತಿತ್ತು. ಮುಂದೆ ಬಳಸಿದವನಿಗೆ ಆಲಿಕೆ ತುಂಬಿದ ಮೇಲಷ್ಟೇ ವಿಷಯ ತಿಳಿಯುವುದು! ಎರಡನೆಯದು ಬಟ್ಟೆ: ಉಣ್ಣೆಯ ಒಳಉಡುಪು, ಫ್ಲೈಯಿಂಗ್ ಸೂಟ್, ಲೈಫ್ ಜಾಕೆಟ್, ಪ್ಯಾರಾಚೂಟ್ ಪಟ್ಟಿ ಎಲ್ಲ ದಾಟಬೇಕು. ಮೂರನೆಯದು ಕೊಳವೆಯ ಉದ್ದ. ಬಿಗಿದು ಕೂತವನಿಗೆ ಆಲಿಕೆ ಎಟುಕದಿದ್ದರೆ ಅಲ್ಲಿಗೆ ಮುಗಿಯಿತು. 1945ರಲ್ಲಿ ಐವೊ ಜಿಮಾ ದ್ವೀಪದಿಂದ ಜಪಾನಿಗೆ ಹೋಗಿ ಬರುತ್ತಿದ್ದ ಪಿ-51 ಮಸ್ಟಾಂಗ್ ಪೈಲಟ್‌ಗಳು ಸುಮಾರು ಎಂಟು ಗಂಟೆ ಒಂದೇ ಸೀಟಿನಲ್ಲಿ, ಕೆಳಗೆ ಬರೀ ಸಮುದ್ರ. ಅವರಿಗೆ ಈ ಆಲಿಕೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಕ್ಯಾಬಿನ್‌ಗೆ ಒತ್ತಡ ತುಂಬುವ ವಿಮಾನಗಳು ಬಂದ ಮೇಲೆ ಸುಮ್ಮನೆ ತೆರೆದ ಕೊಳವೆ ಇಡಲಾಗದು. ಒಳಗಿನ ಒತ್ತಡ ಹೊರಗಿನದಕ್ಕಿಂತ ಬಹಳ ಹೆಚ್ಚಿರುವುದರಿಂದ ಎಳೆತ ಅಪಾಯಕಾರಿಯಾಗುತ್ತದೆ. ನಡುವೆ ಕವಾಟ ಬೇಕೇ ಬೇಕು.

ಬಾಂಬರ್‌ನಾಗ ಹತ್ತ್ಹತ್ತು ಮಂದಿ ಇರ್ತಿದ್ರಲ್ಲ, ಅವರೆಲ್ಲಾ?

ಅಮೆರಿಕದ ಬಿ-17ರಲ್ಲಿ ಹತ್ತು ಜನ. 25,000 ಅಡಿ ಎತ್ತರ, ಕ್ಯಾಬಿನ್‌ಗೆ ಒತ್ತಡವಿಲ್ಲ, ಪಕ್ಕದ ಗನ್ನರ್‌ಗಳ ಕಿಟಕಿ ತೆರೆದೇ ಇರುತ್ತಿತ್ತು. ಉಷ್ಣತೆ ಸೊನ್ನೆಗಿಂತ 40-50 ಡಿಗ್ರಿ ಕೆಳಗೆ. ಬೇಸಿಗೆಯ ರಾಯಚೂರಿನಲ್ಲಿ ಓದುವವರಿಗೆ ಊಹಿಸುವುದೂ ಕಷ್ಟ. ಆ ಚಳಿಯಲ್ಲಿ ಕೈಗವಸು ತೆಗೆದರೆ ನಿಮಿಷಗಳಲ್ಲಿ ಬೆರಳು ಮರಗಟ್ಟುತ್ತದೆ. ಹಾಗಾಗಿ ಅನೇಕರು ಟ್ಯೂಬಿನ ತನಕ ಹೋಗುತ್ತಲೇ ಇರಲಿಲ್ಲ. ಖಾಲಿ ಡಬ್ಬ, ಕೆಲವೊಮ್ಮೆ ಉಕ್ಕಿನ ಹೆಲ್ಮೆಟ್ ಕೆಲಸಕ್ಕೆ ಬರುತ್ತಿತ್ತು.

ಬಟ್ಟೆಯಲ್ಲೇ ಆಗಿಬಿಟ್ಟರೆ ಇನ್ನೂ ಕೆಟ್ಟದ್ದು. ಅವರ ಸೂಟ್‌ಗಳೊಳಗೆ ಬೆಚ್ಚಗಿಡುವ ವಿದ್ಯುತ್ ತಂತಿಗಳಿದ್ದವು. ಒದ್ದೆಯಾದರೆ ಶಾರ್ಟ್ ಆಗಿ ಸೂಟ್ ತಣ್ಣಗಾಗುತ್ತಿತ್ತು, ಆಮೇಲೆ ಒದ್ದೆಯೇ ಹಿಮವಾಗುತ್ತಿತ್ತು. ಹೊಟ್ಟೆಯಡಿಯ ಗೋಳದಲ್ಲಿ ಮುದುಡಿ ಕೂರುವ ಬಾಲ್ ಟರೆಟ್ ಗನ್ನರ್‌ನ ಪಾಡು ಬೇರೆಯೇ: ಮೇಲಿನವರು ಟ್ಯೂಬಿನಿಂದ ಬಿಟ್ಟದ್ದು ಅವನ ಗಾಜಿನ ಮೇಲೆ ಹೆಪ್ಪುಗಟ್ಟಿ ಗುರಿ ಕಾಣದಂತಾಗುತ್ತಿತ್ತು.

ಬ್ರಿಟಿಷ್ ಲ್ಯಾಂಕಾಸ್ಟರ್‌ನಾಗ ಸಂಡಾಸ ಇತ್ತಂತಲ್ಲ?

ಇತ್ತು, ಹೆಸರು ಎಲ್ಸನ್. ಹಿಂಭಾಗದಲ್ಲಿಟ್ಟ ಮುಚ್ಚಳದ ಡಬ್ಬ, ಒಳಗೆ ಕ್ರಿಮಿನಾಶಕ ದ್ರವ. ಏಳು ಜನರ ಸಿಬ್ಬಂದಿ ಅದನ್ನು ಮೆಚ್ಚಿದ್ದು ಕಡಿಮೆ. ಶತ್ರು ಫೈಟರ್‌ನಿಂದ ತಪ್ಪಿಸಿಕೊಳ್ಳಲು ವಿಮಾನವನ್ನು ತಿರುಚುತ್ತಾ ಇಳಿಸಿ ಏರಿಸುವ ಕಾರ್ಕ್‌ಸ್ಕ್ರೂ ಮಾಡಿದಾಗ ಡಬ್ಬದಲ್ಲಿದ್ದದ್ದು ನೆಲ, ಗೋಡೆ ಎಲ್ಲ ಕಡೆ. ಅಲ್ಲಿಗೆ ಹೋಗಲು ಕತ್ತಲಲ್ಲಿ ರೆಕ್ಕೆಯ ಅಡ್ಡತೊಲೆ ಹತ್ತಿ ದಾಟಬೇಕು, ಜೊತೆಗೆ ಕೈಯಲ್ಲಿ ಹಿಡಿಯುವ ಆಮ್ಲಜನಕದ ಬಾಟಲಿ ಬೇಕು. ಪೈಲಟ್ ಒಬ್ಬನೇ ಆದ್ದರಿಂದ ಅವನಂತೂ ಸೀಟು ಬಿಡುವಂತಿರಲಿಲ್ಲ. ಡಬ್ಬವನ್ನೇ ಅವನ ಬಳಿ ತರಬೇಕು.

ಹಾರೋಕೆ ಮುಂಚೆ ವಿಮಾನದ ಚಕ್ರಕ್ಕೆ ಮಾಡ್ತಿದ್ರಂತೆ, ನಿಜಾನಾ?

ನಿಜ. ಬ್ರಿಟಿಷ್ ಬಾಂಬರ್ ಸಿಬ್ಬಂದಿಯಲ್ಲಿ ಹಲವರು ಬಾಲದ ಚಕ್ರಕ್ಕೆ ಒಂದ ಮಾಡಿಯೇ ವಿಮಾನ ಹತ್ತುತ್ತಿದ್ದರು. ಒಳ್ಳೆಯದಾಗಲಿ ಎಂಬ ನಂಬಿಕೆ ಒಂದು ಕಡೆ, ಮುಂದೆ ಎಂಟು ಗಂಟೆ ಅವಕಾಶ ಸಿಗದೆಂಬ ವಿವೇಕ ಇನ್ನೊಂದು ಕಡೆ. 1961ರ ಏಪ್ರಿಲ್ 12ರಂದು ಸೋವಿಯತ್ ವಾಯುಪಡೆಯ ಯೂರಿ ಗಗಾರಿನ್ ರಾಕೆಟ್ ಬಳಿಗೆ ಹೋಗುವಾಗ ಬಸ್ಸಿನ ಬಲಗಡೆಯ ಹಿಂಚಕ್ರಕ್ಕೆ ಮಾಡಿದ್ದು ಮುಂದಿನ ಗಗನಯಾತ್ರಿಗಳಿಗೆ ಸಂಪ್ರದಾಯವೇ ಆಯಿತು. ಅದೇ ವರ್ಷ ಮೇ 5ರಂದು ಅಮೆರಿಕದ ನೌಕಾಪಡೆಯ ಅಲನ್ ಶೆಪರ್ಡ್ ರಾಕೆಟ್ ಮೇಲೆ ಗಂಟೆಗಟ್ಟಲೆ ಕಾದು, ಕೊನೆಗೆ ಸೂಟಿನಲ್ಲೇ ಬಿಡಬೇಕಾಯಿತು. ಹದಿನೈದು ನಿಮಿಷದ ಹಾರಾಟಕ್ಕೆ ವ್ಯವಸ್ಥೆ ಯಾಕೆ ಎಂದುಕೊಂಡವರು ಕಾಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

## ಇವತ್ತಿನ ಕಾಕ್‌ಪಿಟ್

ಪಿಡಲ್ ಪ್ಯಾಕ್ ಹೆಂಗ ಬಳಸ್ತಾರ? ಮೊದಲಿಂದ ಹೇಳ್ರಿ.

ಇದು ಮೂತ್ರ ಹಿಡಿಯುವ ಗಟ್ಟಿ ಪ್ಲಾಸ್ಟಿಕ್ ಚೀಲ. ಒಳಗೆ ಒಣಗಿಸಿ ಒತ್ತಿದ ಸ್ಪಾಂಜ್, ಇಲ್ಲವೇ ದ್ರವವನ್ನು ಜೆಲ್ ಮಾಡುವ ಪುಡಿ ಇರುತ್ತದೆ. ಕತ್ತಿನ ಭಾಗ ಉದ್ದ, ಮುಚ್ಚಲು ಕ್ಲಿಪ್ಪೋ ಪಟ್ಟಿಯೋ ಇರುತ್ತದೆ. ಗಂಡಸರ ಬಳಕೆಗೆಂದೇ ಮಾಡಿದ್ದು. ಕ್ರಮ ಹೆಚ್ಚುಕಮ್ಮಿ ಹೀಗೆ:

1. ನೇರ ಹಾರಾಟ, ಸಾಕಷ್ಟು ಎತ್ತರ, ಆಟೋಪೈಲಟ್ ಆನ್. ಜೊತೆಗಾರ ವಿಮಾನಕ್ಕೆ ರೇಡಿಯೋದಲ್ಲಿ ತಿಳಿಸಿ ನಡುವೆ ಅಂತರ ಹೆಚ್ಚಿಸಿಕೊಳ್ಳುವುದು. ಇಂಧನ ತುಂಬಿಸಿಕೊಳ್ಳುವ ಸರದಿ ಹತ್ತಿರವಿದ್ದರೆ ಮೊದಲು ಅದು.
2. ಚೀಲವನ್ನು ಹೊರತೆಗೆದು ಬಿಡಿಸಿ, ಕೈಗೆ ಸಿಗುವ ಕಡೆ ಇಡುವುದು. ಪಟ್ಟಿ ಬಿಚ್ಚಿದ ಮೇಲೆ ಹುಡುಕಾಡಬಾರದು.
3. ಸೊಂಟದ ಬೆಲ್ಟ್, ತೊಡೆಯ ಪಟ್ಟಿ ಸಡಿಲಿಸುವುದು. ಬಿಚ್ಚಿದ ಬಕಲ್ ಎಲ್ಲಿದೆ ಎಂಬ ಮೇಲೆ ಕಣ್ಣಿರಬೇಕು.
4. ಫ್ಲೈಟ್ ಸೂಟಿನ ಜಿಪ್ ಕೆಳಗಿನಿಂದಲೂ ತೆರೆಯುತ್ತದೆ; ಅದು ಈ ಕೆಲಸಕ್ಕೇ ಇರುವುದು.
5. ಮುಂದೆ ಜರುಗಿ, ಚೀಲವನ್ನು ಮೂತ್ರಕೋಶಕ್ಕಿಂತ ಕೆಳಗೆ ಹಿಡಿದು, ನಿಧಾನವಾಗಿ, ಬಿಟ್ಟು ಬಿಟ್ಟು.
6. ಸ್ಪಾಂಜ್ ಹೀರುವ ತನಕ ಕಾದು, ಗಾಳಿ ಹೊರಹಾಕಿ, ಕತ್ತು ಮಡಚಿ ಮುಚ್ಚಿ, ಚೀಲವನ್ನು ಜಾರದ ಕಡೆ ಇಡುವುದು. ಆಮೇಲೆ ಪಟ್ಟಿಗಳನ್ನು ಒಂದೊಂದಾಗಿ ಬಿಗಿದು, ಎಳೆದು ನೋಡುವುದು.

ಸುಖೋಯ್-30ರಂಥ ಇಬ್ಬರ ವಿಮಾನದಲ್ಲಿ ಇನ್ನೊಬ್ಬರು ಕಂಟ್ರೋಲ್ ಹಿಡಿಯುತ್ತಾರೆ, ಅರ್ಧ ಆತಂಕ ಅಲ್ಲಿಗೇ ಕಳೆಯುತ್ತದೆ.

ಇಷ್ಟು ಸರಳ ಇದ್ದದ್ದು ಯಾಕ ಕೆಡ್ತದ?

ಮೊದಲ ಕಾರಣ ವೇಗ. ಗಂಡಸರ ಮೂತ್ರದ ಹರಿವು ಸೆಕೆಂಡಿಗೆ 15-20 ಮಿ.ಲೀ. ಇರುತ್ತದೆ, ಸ್ಪಾಂಜ್ ಅಷ್ಟು ಬೇಗ ಹೀರುವುದಿಲ್ಲ, ಹಿಂದಕ್ಕೆ ಉಕ್ಕುತ್ತದೆ. ತುಂಬಾ ಹೊತ್ತು ತಡೆದು ಕೂತವನು ಬಿಟ್ಟು ಬಿಟ್ಟು ಮಾಡುವುದೂ ಕಷ್ಟ. ಹಾಗಾಗಿ ಮೊದಲ ಸೂಚನೆಗೇ ಮುಗಿಸುವುದು ಜಾಣತನ. ಎರಡನೆಯದು ಸೀಟಿನ ಕೋನ: ಎಫ್-16ರ ಸೀಟು 30 ಡಿಗ್ರಿ ಹಿಂದಕ್ಕೆ ಒರಗಿದೆ. ಅರೆಮಲಗಿದ ಭಂಗಿಯಲ್ಲಿ ಚೀಲ ಕೆಳಗೆ ಸಿಗುವುದೇ ಇಲ್ಲ. ಇನ್ನು ತಣ್ಣೀರಿನ ಮೇಲೆ ಹಾರುವಾಗ ಹಾಕುವ ನೀರು ನುಗ್ಗದ ಸೂಟ್ ಇದ್ದರೆ ಬಿಚ್ಚಬೇಕಾದ ಜಿಪ್ ಎರಡಾಗುತ್ತವೆ.

ಇದರಿಂದ ವಿಮಾನ ಬಿದ್ದದ್ದು ಐತೇನು?

ಐತಿ. 1990ರ ದಶಕದ ಆರಂಭದಲ್ಲಿ ಟರ್ಕಿಯ ನೆಲೆಯಿಂದ ಹಾರಿದ್ದ ಅಮೆರಿಕದ ಎಫ್-16ರ ಪೈಲಟ್ ಪಿಡಲ್ ಪ್ಯಾಕ್ ಬಳಸಲು ಬೆಲ್ಟ್ ಬಿಚ್ಚಿದ. ಬಕಲ್ ಸೀಟಿಗೂ ಬಲಗಡೆಯ ಕಂಟ್ರೋಲ್ ಸ್ಟಿಕ್ಕಿಗೂ ನಡುವೆ ಸಿಕ್ಕಿಕೊಂಡು ವಿಮಾನ ಹಿಡಿತ ತಪ್ಪಿತು. ಪೈಲಟ್ ಹೊರಹಾರಿ ಬದುಕಿದ, ವಿಮಾನ ಹೋಯಿತು. ಅದೇ ವಿಮಾನದಲ್ಲಿ ಎಜೆಕ್ಷನ್ ಹಿಡಿ ಇರುವುದು ಎರಡು ತೊಡೆಗಳ ನಡುವೆ ಎಂಬುದನ್ನು ನೆನೆದರೆ, ಅಲ್ಲಿ ಕೈಯಾಡಿಸುವವನ ಎಚ್ಚರ ಎಷ್ಟಿರಬೇಕೆಂದು ತಿಳಿಯುತ್ತದೆ.

ನನ್ನ ಮಗಳು ಎನ್‌ಸಿಸಿಯಾಗ ಇದ್ದಾಳ, ಪೈಲಟ್ ಆಗ್ತೀನಿ ಅಂತಾಳ. ಹೆಣ್ಮಕ್ಕಳು ಏನ್ ಮಾಡ್ತಾರ್ರೀ ಸರ?

ಮಗಳು ಸರಿಯಾದ ಕಾಲದಲ್ಲಿ ಹೊರಟಿದ್ದಾಳೆ. ಭಾರತದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರಲ್ಲಿ ಸೇವೆಗೆ ಸೇರಿ, ಹಾಕ್ ತರಬೇತಿ ಪಡೆದದ್ದು ನಮ್ಮ ಬೀದರ್‌ನಲ್ಲೇ.

ಉಪಕರಣಗಳ ವಿಷಯದಲ್ಲಿ ಮಾತ್ರ ಹೆಣ್ಣುಮಕ್ಕಳಿಗೆ ಬಹಳ ಕಾಲ ಅನ್ಯಾಯವಾಗಿದೆ. ಕಾಕ್‌ಪಿಟ್, ಸೂಟ್, ಚೀಲ ಎಲ್ಲವೂ ಗಂಡಸಿನ ಅಳತೆಗೆ ಮಾಡಿದವು. ಮೊದಮೊದಲು ಸಿಕ್ಕದ್ದು ದೊಡ್ಡವರ ಡೈಪರ್. ಆಮೇಲೆ ಅಮೆರಿಕದಲ್ಲಿ ಎಎಂಎಕ್ಸ್‌ಡಿ-ಮ್ಯಾಕ್ಸ್ ಎಂಬ ಸಾಧನ ಬಂತು. ಹಾರುವ ಮೊದಲೇ ಒಳಉಡುಪಿನಲ್ಲಿ ಹೆಣ್ಣಿಗೆ ಪ್ಯಾಡ್, ಗಂಡಿಗೆ ಕಪ್ ಧರಿಸುವುದು. ಅದರಿಂದ ಸಣ್ಣ ಕೊಳವೆ, ಬ್ಯಾಟರಿಯ ಪಂಪು, ಸಂಗ್ರಹದ ಚೀಲ. ಒದ್ದೆ ತಟ್ಟಿದೊಡನೆ ಪಂಪು ಎಳೆಯುತ್ತದೆ, ಬೆಲ್ಟ್ ಬಿಚ್ಚುವ ಪ್ರಸಂಗವೇ ಇಲ್ಲ. ದೂರು ಬಂದದ್ದು ಪ್ಯಾಡಿನ ಅಳತೆಯ ಬಗ್ಗೆ. ಮೈಗೆ ಸರಿಯಾಗಿ ಕೂರದಿದ್ದರೆ ಪಂಪು ಗಾಳಿಯನ್ನೇ ಎಳೆಯುತ್ತದೆ, ಮೂತ್ರ ಪಕ್ಕಕ್ಕೆ ಹರಿಯುತ್ತದೆ. 2020ರಲ್ಲಿ ಅಮೆರಿಕದ ವಾಯುಪಡೆ ಮಹಿಳೆಯರಿಗೆಂದೇ ಹೊಸ ಸಾಧನಗಳನ್ನು ಆಹ್ವಾನಿಸಿತು. 2023ರ ಹೊತ್ತಿಗೆ ಹಲವು ಅಳತೆಗಳ ಸ್ಕೈಡ್ರೇಟ್ ಎಂಬ ವ್ಯವಸ್ಥೆ ಪೈಲಟ್‌ಗಳ ಕೈ ಸೇರತೊಡಗಿತು.

ಡೈಪರ್ ಹಾಕ್ಕೊಂಡ್ರ ಮುಗೀತಲ್ಲ?

ಒಂದು ಸಲಕ್ಕೆ ಪರವಾಗಿಲ್ಲ. ಅದರೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಪುಡಿ ತನ್ನ ತೂಕದ ಹಲವು ಪಟ್ಟು ಮೂತ್ರ ಹಿಡಿಯುತ್ತದೆ. ಆದರೆ ಕೂತ ಭಂಗಿಯಲ್ಲಿ ಮೈತೂಕ, ಮೇಲಿಂದ ಜಿ-ಒತ್ತಡ ಎರಡೂ ಸೇರಿ ಹಿಂಡುತ್ತವೆ. ಊದಿದ ಡೈಪರ್ ತೊಡೆಯ ಪಟ್ಟಿಗಳ ಅಡಿಯಲ್ಲಿ ಒತ್ತುತ್ತದೆ, ಗಂಟೆಗಳ ಕಾಲ ಒದ್ದೆಯಲ್ಲಿದ್ದ ಚರ್ಮ ಸುಲಿಯುತ್ತದೆ.

ಹತ್ತೋದಕ್ಕೆ ಮುಂಚೆ ನೀರ ಕುಡಿಯದಿದ್ರ ಆತಲ್ಲ?

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಉಪಾಯ ಇದು, ಎಲ್ಲಕ್ಕಿಂತ ಅಪಾಯದ್ದೂ ಇದೇ. ರಾಯಚೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ ಹತ್ತುವ ಹೆಣ್ಣುಮಕ್ಕಳು ಮಧ್ಯಾಹ್ನದಿಂದಲೇ ನೀರು ಬಿಡುತ್ತಾರಲ್ಲ, ಪೈಲಟ್‌ಗಳು ಮಾಡುವುದೂ ಅದನ್ನೇ. ಬಸ್ಸಿನಲ್ಲಿ ತಲೆನೋವು ಬರಬಹುದು; ಫೈಟರ್‌ನಲ್ಲಿ ಪ್ರಜ್ಞೆ ಹೋಗುತ್ತದೆ.

ಕಾರಣ ಇದು. ವಿಮಾನ ಬಿರುಸಾಗಿ ತಿರುಗಿದಾಗ ರಕ್ತ ಮಿದುಳಿನಿಂದ ಕಾಲಿನ ಕಡೆ ಇಳಿಯುತ್ತದೆ. ಜಿ-ಸೂಟ್ ಕಾಲು-ಹೊಟ್ಟೆ ಒತ್ತಿ, ಪೈಲಟ್ ಸ್ನಾಯು ಬಿಗಿದು, ರಕ್ತವನ್ನು ಮೇಲೆ ಉಳಿಸಿಕೊಳ್ಳುತ್ತಾರೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದ ಪ್ರಮಾಣವೇ ತಗ್ಗುತ್ತದೆ, ಉಳಿಸಿಕೊಳ್ಳಲು ರಕ್ತವೇ ಸಾಲದು. ಮೊದಲು ಬಣ್ಣ ಮಾಸುತ್ತದೆ, ಆಮೇಲೆ ದೃಷ್ಟಿ ಕಿರಿದಾಗುತ್ತದೆ, ಆಮೇಲೆ ಕತ್ತಲು. ನಮ್ಮ ಕಡೆಯ 42 ಡಿಗ್ರಿ ಬಿಸಿಲಲ್ಲಿ ಕಾಕ್‌ಪಿಟ್ ಮುಚ್ಚುವ ಗಾಜಿನ ಕ್ಯಾನೊಪಿಯಡಿ ಅರ್ಧ ಗಂಟೆ ಕಾದರೆ ಬೆವರಲ್ಲೇ ಬೇಕಾದಷ್ಟು ನೀರು ಹೋಗಿರುತ್ತದೆ.

ಸರಿಯಾದ ರೂಢಿ: ಹಿಂದಿನ ದಿನದಿಂದಲೇ ಸ್ವಲ್ಪ ಸ್ವಲ್ಪ ಕುಡಿಯುತ್ತಿರುವುದು, ಕೊನೆಯ ಗಳಿಗೆಯಲ್ಲಿ ಚೊಂಬುಗಟ್ಟಲೆ ಸುರಿಯದಿರುವುದು, ಕಾಫಿ-ಚಹಾ ಮಿತಿಯಲ್ಲಿಡುವುದು, ಏಣಿ ಹತ್ತುವ ಮುನ್ನ ಬಂದರೂ ಬಾರದಿದ್ದರೂ ಒಮ್ಮೆ ಹೋಗುವುದು. ಮೂತ್ರ ತಿಳಿಹಳದಿ ಇದ್ದರೆ ಸರಿ. ಗಾಢವಾಗಿದ್ದರೆ ನೀರು ಸಾಲುತ್ತಿಲ್ಲ.

ರಫೇಲ್ ವಿಮಾನ ಫ್ರಾನ್ಸಿನಿಂದ ಬಂದಾಗ ಪೈಲಟ್‌ಗಳು ಎಷ್ಟು ಹೊತ್ತು ಕೂತಿದ್ದರು?

2020ರ ಜುಲೈ 27ರಂದು ಹೊರಟ ಐದು ರಫೇಲ್‌ಗಳು ಸುಮಾರು ಏಳು ಗಂಟೆ ಹಾರಿ ಯುಎಇಯ ಅಲ್ ದಫ್ರಾ ವಾಯುನೆಲೆ ತಲುಪಿದವು. ಅಲ್ಲಿ ತಂಗಿ 29ರಂದು ಅಂಬಾಲಾಕ್ಕೆ. ಐದರಲ್ಲಿ ಮೂರು ಒಂಟಿ ಸೀಟಿನವು.

## ಸ್ವಲ್ಪ ಆಳಕ್ಕೆ

70,000 ಅಡಿ ಮೇಲೆ ಹಾರೋ ಯು-2ರಲ್ಲಿ ಸೂಟ್ ಬಿಚ್ಚೋಕೇ ಆಗಲ್ವಲ್ಲ?

ಆಗುವುದಿಲ್ಲ. ಯು-2 ಅಮೆರಿಕದ ಬೇಹುಗಾರಿಕೆ ವಿಮಾನ. ಸುಮಾರು 63,000 ಅಡಿಗಿಂತ ಮೇಲೆ ಗಾಳಿಯ ಒತ್ತಡ ಎಷ್ಟು ಕಡಿಮೆಯೆಂದರೆ ಮೈಯ ಬಿಸಿಗೇ ನೀರು ಕುದಿಯುತ್ತದೆ. ಅದಕ್ಕೇ ಪೈಲಟ್ ಪೂರ್ತಿ ಮುಚ್ಚಿದ ಪ್ರೆಷರ್ ಸೂಟ್‌ನಲ್ಲಿರುತ್ತಾನೆ, ಅದೂ ಹತ್ತು ಗಂಟೆ ಮೀರಿದ ಹಾರಾಟಗಳಲ್ಲಿ. ಸೂಟ್ ಹಾಕುವ ಮೊದಲೇ ಕಾಂಡೋಮ್ ಆಕಾರದ, ತುದಿಯಲ್ಲಿ ಕೊಳವೆಯಿರುವ ಹೊದಿಕೆ ಧರಿಸುತ್ತಾನೆ. ಕೊಳವೆ ಸೂಟಿನ ಮೂಲಕ ಹೊರಬಂದು ಸಂಗ್ರಹದ ಚೀಲ ಸೇರುತ್ತದೆ, ನಡುವೆ ಕವಾಟ. ಅಳತೆ ಸರಿಯಿರಬೇಕು: ಸಡಿಲವಾದರೆ ಸೋರುತ್ತದೆ, ಬಿಗಿಯಾದರೆ ರಕ್ತ ಸಂಚಾರ ನಿಲ್ಲುತ್ತದೆ. ಮರ್ಯಾದೆಗೆ ದೊಡ್ಡ ಅಳತೆ ಕೇಳಿದವರು ಒದ್ದೆಯಾಗಿ ಇಳಿಯುತ್ತಾರೆ.

ಎರಡಕ್ಕೆ ಬಂದ್ರ?

ಫೈಟರ್‌ನಲ್ಲಿ ಉಪಾಯವಿಲ್ಲ, ಬಾರದಂತೆ ನೋಡಿಕೊಳ್ಳುವುದೇ ಉಪಾಯ. ಯು-2 ಪೈಲಟ್‌ಗಳು ಹಾರುವ ಮುನ್ನ ಮಾಂಸ, ಮೊಟ್ಟೆಯಂಥ ಕಡಿಮೆ ನಾರಿನ ಊಟ ಮಾಡುತ್ತಾರೆ. ಗಾಳಿಯ ಲೆಕ್ಕವೂ ಇದೆ: 18,000 ಅಡಿಯಲ್ಲಿ ಹೊರಗಿನ ಒತ್ತಡ ಅರ್ಧಕ್ಕಿಳಿಯುತ್ತದೆ, ಹೊಟ್ಟೆಯೊಳಗಿನ ವಾಯು ಎರಡರಷ್ಟಾಗುತ್ತದೆ. ಒಗ್ಗರಣೆ-ಮಿರ್ಚಿ ತಿಂದು ಎತ್ತರಕ್ಕೆ ಹಾರುವವರು ಮರುದಿನ ಆ ತಪ್ಪು ಮಾಡಲಾರರು.

ದೊಡ್ಡ ಬಾಂಬರ್‌ಗಳಲ್ಲಿ ಅನುಕೂಲ ಇದೆ. ಅಮೆರಿಕದ ಬಿ-2 ವಿಮಾನದಲ್ಲಿ ಸೀಟುಗಳ ಹಿಂದೆ ಪುಟ್ಟ ರಾಸಾಯನಿಕ ಶೌಚವಿದೆ. 2001ರ ಅಕ್ಟೋಬರಿನಲ್ಲಿ ಅಫ್ಘಾನಿಸ್ತಾನಕ್ಕೆ 44 ಗಂಟೆ, 2025ರ ಜೂನ್‌ನಲ್ಲಿ ಇರಾನಿಗೆ ಸುಮಾರು 37 ಗಂಟೆ ಹಾರಿದ ಇಬ್ಬರಿಬ್ಬರ ಸಿಬ್ಬಂದಿ ಅದನ್ನೇ ನೆಚ್ಚಿಕೊಂಡಿತ್ತು.

ನಮ್ಮ ಕಡೆ ಕಿಡ್ನಿ ಸ್ಟೋನ್ ಭಾಳ. ಕಲ್ಲಿದ್ರ ಪೈಲಟ್ ಆಗಾಕ ಬರ್ತದೇನು?

ಕಷ್ಟ. ಆಯ್ಕೆಯ ವೈದ್ಯಕೀಯ ತಪಾಸಣೆಯಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್ ಇರುತ್ತದೆ, ಕಲ್ಲನ್ನು ಗಂಭೀರವಾಗಿ ನೋಡುತ್ತಾರೆ. ಕಲ್ಲು ಜಾರಿದಾಗ ಬರುವ ನೋವಿಗೆ ಗಟ್ಟಿಮುಟ್ಟಾದವನೂ ನೆಲದಲ್ಲಿ ಹೊರಳುತ್ತಾನೆ. ಒಂಟಿ ಸೀಟಿನ ವಿಮಾನದಲ್ಲಿ ಅದು ಬಂದರೆ ಹಿಡಿಯುವವರಿಲ್ಲ. ಬಿಸಿಲ ನಾಡಿನಲ್ಲಿ ಕಡಿಮೆ ನೀರು, ಗಾಢ ಮೂತ್ರ ಕಲ್ಲಿಗೆ ದಾರಿ. ಸೈನ್ಯಕ್ಕೆ ತಯಾರಾಗುವ ಹುಡುಗ-ಹುಡುಗಿಯರು ಮೈದಾನದಲ್ಲಿ ಓಡುವಷ್ಟೇ ನಿಷ್ಠೆಯಿಂದ ನೀರನ್ನೂ ಕುಡಿಯಬೇಕು.

ಚೆಲ್ಲಿದರೆ ವಿಮಾನಕ್ಕೆ ಏನಾಗುತ್ತದೆ? ಒರೆಸಿದರೆ ಸಾಲದೇ?

ಐಟಿಐ ಹುಡುಗರು ಕೇಳುವ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಮೂತ್ರದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಉಳಿದದ್ದರಲ್ಲಿ ಉಪ್ಪು, ಯೂರಿಯಾ ಮುಖ್ಯ. ನೀರು ಆರಿದ ಮೇಲೆ ಉಪ್ಪಿನ ಕ್ಲೋರೈಡ್ ಅಲ್ಯೂಮಿನಿಯಂ ಮಿಶ್ರಲೋಹದ ರಕ್ಷಣಾ ಪದರವನ್ನು ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ. ಹಳೆಯ ರಿಲೀಫ್ ಟ್ಯೂಬ್‌ಗಳ ಹಿಂದಿನ ಹೊಟ್ಟೆಯ ತಗಡಿಗೆ ಆಗುತ್ತಿದ್ದದ್ದು ಇದೇ. ಅದಕ್ಕೇ ಕೊಳವೆಯ ಬಾಯಿಯನ್ನು ಮೈಯಿಂದ ದೂರ ಚಾಚಿಡುವುದು, ಇಳಿದ ಮೇಲೆ ಆ ಜಾಗ ತೊಳೆಯುವುದು ರೂಢಿ.

ಕಾಕ್‌ಪಿಟ್‌ನೊಳಗೆ ಚೆಲ್ಲಿದ್ದು ಸೀಟಿನ ಹಳಿಗಳ ಪಕ್ಕದಿಂದ ನೆಲದ ಪ್ಯಾನೆಲ್ ಕೆಳಗೆ ಇಳಿಯುತ್ತದೆ, ಅಲ್ಲಿ ತಂತಿಗಳ ಕನೆಕ್ಟರ್‌ಗಳಿವೆ. ಮೇಲೆ ಒರೆಸಿದರೆ ಕಾಣುವ ಒದ್ದೆ ಹೋಗುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಪ್ಯಾನೆಲ್ ಬಿಚ್ಚಿ, ಸ್ವಚ್ಛ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಉಪ್ಪು ಎತ್ತಿ, ಒಣಗಿಸಿ, ಕನೆಕ್ಟರ್ ತೆರೆದು ಪಿನ್ನುಗಳ ಮೇಲೆ ಹಸಿರು-ಬಿಳಿ ಪುಡಿ ಇದೆಯೇ ನೋಡಬೇಕು. ಇದೆಲ್ಲ ನಡೆಯುವುದು ಪೈಲಟ್ ಇಳಿದೊಡನೆ ಗ್ರೌಂಡ್ ಸಿಬ್ಬಂದಿಗೆ ಹೇಳಿ ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದರೆ ಮಾತ್ರ. ಸಂಕೋಚಪಟ್ಟು ಸುಮ್ಮನಾದರೆ ತಿಂಗಳುಗಳ ನಂತರ ಯಾವುದೋ ಎಚ್ಚರಿಕೆ ದೀಪ ಕಾರಣವಿಲ್ಲದೆ ಹೊತ್ತುತ್ತದೆ, ಮೆಕ್ಯಾನಿಕ್ ದಿನಗಟ್ಟಲೆ ತಂತಿ ಹುಡುಕುತ್ತಾನೆ.